ಹೊಲಿಗೆ ಬಿಚ್ಚಿದ ಸೀರೆ

ಹಳೇ ಸೀರೆ ಕತ್ತರಿಸಿ ಕಿಟಕಿಗೆ ಪರದೆ ಹಾಕೋಣ ಅಂದೆಯಲ್ಲೇ ಶ್ರುತಿ, ಹಾಕು. ನಾನು ಬೇಡ ಅನ್ನಲ್ಲ. ಹೊಸ ಮನೆ ನಿಂದು, ಗೋಡೆ ನಿಂದು, ಬಣ್ಣ ನಿಂದು. ಆದರೆ ಆ ಸೀರೆ ಯಾರದು, ಯಾರಿಗೆ ಅಂತ ತಂದಿದ್ದು... ಅಷ್ಟು ಮಾತ್ರ ವಿಚಾರಿಸಿಕೊಂಡು ಹಾಕು. ಯಾಕೆ ಅಂತೀಯಾ? ಆ ಬಾಗಿಲು ಸ್ವಲ್ಪ ಮುಂದೆ ಮಾಡಿ ಬಾ, ಹೇಳ್ತೀನಿ. ಇದು ಅವರಿವರು ಹೇಳಿದ್ದಲ್ಲ. ನಮ್ಮ ಚಿಕ್ಕಮ್ಮನ ಮಗಳು ಮಾಲಿನಿ ಮನೇಲಿ ನಡೆದಿದ್ದು. ನಾನೇ ಅಲ್ಲಿದ್ದೆ.

ಮೊನ್ನೆ ಮೊನ್ನೆ ಅನ್ನೋ ಹಾಗಿದೆ, ಕೊರೋನ ಎಲ್ಲ ಮುಗಿದ ಮೇಲಿನ ಮಾತು. ದೀಪಾವಳಿ ಕಳೆದಿತ್ತು. ಮಾಲಿನಿ ಫೋನ್ ಮಾಡಿದಳು. ಅಕ್ಕ, ಎರಡು ದಿನ ಬಂದು ಹೋಗು, ದಿಂಬಿನ ಕವರ್ ಹೊಲಿಯೋದಿದೆ ಅಂದಳು. ದನಿ ಸರಿ ಇರಲಿಲ್ಲ. ದಿಂಬಿನ ಕವರಿಗೆ ಯಾರಾದರೂ ಅಳ್ತಾರಾ? ಕಡೂರಿನಿಂದ ಸಂಜೆ ರೈಲು ಹತ್ತಿದೆ. ಬೀರೂರಲ್ಲಿ ನಿಂತಿದ್ದು ನಿಂತೇ ಇತ್ತು. ಅಜ್ಜಂಪುರದಲ್ಲಿ ಇಳಿದಾಗ ಸ್ಟೇಷನ್ ಹೊರಗೆ ಒಂದು ನಾಯಿ ಬಿಟ್ಟರೆ ಯಾರೂ ಇಲ್ಲ. ಬೈಕ್ ತರ್ತೀನಿ ಅಂದಿದ್ದ ಅವಳ ಗಂಡ ಭೈರೇಶ್ ಪತ್ತೆಯಿಲ್ಲ. ಫೋನ್ ಮಾಡಿದರೆ, ಹತ್ರಾನೇ ಅಕ್ಕ, ನಡ್ಕಂಡೇ ಬಂದ್ಬಿಡಿ ಅಂದ. ಕತ್ತಲಾದ ಮೇಲೆ ಅವನು ಮನೆಯಿಂದ ಹೊರಗೆ ಕಾಲಿಡೋದನ್ನೇ ಬಿಟ್ಟಿದ್ದ ಅನ್ನೋದು ನನಗೆ ಆಮೇಲೆ ಗೊತ್ತಾಗಿದ್ದು.

ಅವರ ಮನೆ ಊರಾಚೆ, ಬುಕ್ಕಾಂಬುಧಿ ಕಡೆ ಹೋಗೋ ರಸ್ತೇಲಿ. ಮನೆಗೆ ಮೊದಲು ಅವರದ್ದೇ ಹಳೇ ಸೇದೋ ಬಾವಿ ಸಿಗುತ್ತೆ. ಅದರ ಬಾಯಿಗೆ ಕಾಂಕ್ರೀಟ್ ಚಪ್ಪಡಿ ಮುಚ್ಚಿದ್ದರು. ಎರಡು ಕಲ್ಲು ಕಂಬ, ನಡುವೆ ಕಬ್ಬಿಣದ ರಾಟೆ, ಹಾಗೇ ಉಳಿದಿತ್ತು. ಹಗ್ಗ ಇಲ್ಲ, ಏನೂ ಇಲ್ಲ. ನಾನು ಫೋನಿನ ಲೈಟ್ ಹಿಡಿದು ಅದರ ಪಕ್ಕಕ್ಕೆ ಬಂದೆ.

ಕಿರ್ರ್...

ನಿಂತೆ. ಸದ್ದೂ ನಿಂತಿತು. ಎರಡು ಹೆಜ್ಜೆ ಇಟ್ಟೆ.

ಕಿರ್ರ್... ಕಿರ್ರ್...

ಭಾರದ ಕೊಡ ಮೇಲೆ ಬರುವಾಗ ರಾಟೆ ಕಿರುಗುಟ್ಟುತ್ತಲ್ಲ, ಅದೇ ಸದ್ದು. ಗಾಳಿ ಒಂದು ಎಳೆ ಇರಲಿಲ್ಲ. ನಾನು ಲೈಟನ್ನ ಆ ಕಡೆ ತಿರುಗಿಸಲಿಲ್ಲ ಕಣೇ. ನೇರ ನೋಡಿಕೊಂಡು ನಡೆದೆ. ಮುಂದೆ ಮನೆ ಕಿಟಕಿ ಬೆಳಕು ಕಾಣ್ತಿತ್ತು. ಕಿಟಕಿಗೆ ತೆಳುವಾದ ಪರದೆ. ಪರದೆ ಹಿಂದೆ ಒಬ್ಬಳು ನಿಂತಿದ್ದಳು. ಸದ್ಯ, ಮಾಲಿನಿ ಕಾಯ್ತಿದಾಳೆ ಅಂತ ಜೀವ ಬಂತು. ಕೈ ಎತ್ತಿದೆ. ಅವಳು ಅಲ್ಲಾಡಲಿಲ್ಲ.

"ಅಕ್ಕ..." ಅಂತ ಪಕ್ಕದಲ್ಲೇ ಪಿಸುದನಿ. ಗೇಟಿನ ಹೊರಗೆ, ಕತ್ತಲಲ್ಲಿ, ಮಾಲಿನಿ ನಿಂತಿದ್ದಳು.

"ಒಳಗಿರೋದು ಯಾರೇ?"

"ಯಾರೂ ಇಲ್ಲ. ಇವ್ರು ರೂಮಲ್ಲಿ ಕದ ಹಾಕ್ಕಂಡವ್ರೆ."

"ಮತ್ತೆ ಕಿಟಕೀಲಿ..."

"ಮೆಲ್ಲಗೆ ಮಾತಾಡಕ್ಕ. ಅದುಕ್ಕೇ ನಿನ್ನ ಕರೆಸಿದ್ದು."

ಅವಳ ಕೈ ಹಿಡಿದೆ. ಮಂಜುಗಡ್ಡೆ. ಐದು ತಿಂಗಳ ಬಸುರಿ ಬೇರೆ.

ಒಳಗೆ ಹೋದೆವು. ಕಿಟಕಿ ಹತ್ತಿರ ಯಾರೂ ಇರಲಿಲ್ಲ. ಆದರೆ ಆ ಮನೆ ಎಷ್ಟು ಚೆನ್ನಾಗಿತ್ತು ಅಂತೀಯಾ. ಭೈರೇಶ್‌ದು ಅಜ್ಜಂಪುರದಲ್ಲಿ ಪೇಂಟ್ ಅಂಗಡಿ. ಮೊದಲು ಆ ಮನೆ ಹೊರಗೆ ಗಿಳಿಹಸಿರು, ಒಳಗೆ ಕಿತ್ತಳೆ, ಕಣ್ಣು ಕುಕ್ಕೋದು. ಮಾಲಿನಿ ಬಂದು ಎರಡು ವರ್ಷಕ್ಕೆ ಎಲ್ಲ ಬದಲಾಯಿಸಿದ್ದಳು. ಬಣ್ಣ ಬೆರೆಸೋ ಮೆಷಿನ್ ಮುಂದೆ ತಾನೇ ನಿಂತು, ಇನ್ನೂ ಸ್ವಲ್ಪ ಬಿಳಿ, ಇನ್ನೂ ಸ್ವಲ್ಪ ಬಿಳಿ ಅಂತ ಹಾಕಿಸಿ, ನಡುಮನೆಗೆ ಹಾಲಿನ ಕೆನೆ ಬಣ್ಣ, ಅಡಿಗೆಮನೆಗೆ ಎಳೇ ಹಸಿರು, ಮಲಗೋ ರೂಮಿಗೆ ಇದೆಯೋ ಇಲ್ಲವೋ ಅನ್ನೋ ಗುಲಾಬಿ. ನಾವು ಗುಜರಿಗೆ ಎಸೆದಿದ್ದನ್ನ ಇವಳು ತರೀಕೆರೆ ಗುಜರಿಯಿಂದ ಆರಿಸಿ ತರೋಳು. ಹಿತ್ತಾಳೆ ಹಂಡೇಲಿ ಗಿಡ, ಲಾಂದ್ರದೊಳಗೆ ಬಲ್ಬು, ರಾಗಿ ಅಳೆಯೋ ಸೇರಿನಲ್ಲಿ ಪೆನ್ನು ಪೆನ್ಸಿಲ್ಲು. ನಾನು ರೇಗಿಸ್ತಿದ್ದೆ, ನಮ್ಮಜ್ಜೀನೂ ಇದ್ದಿದ್ರೆ ಮೂಲೇಲಿ ನಿಲ್ಲಿಸ್ತಿದ್ದೆ ಕಣೇ ಅಂತ. ಬರೀ ಇದ್ದದ್ದನ್ನೇ ಹೊಂದಿಸಿ ಮನೇನ ಅಷ್ಟು ತಣ್ಣಗೆ ಮಾಡಿದ್ದಳು. ನಿಜವಾಗಲೂ ನನಗೆ ಹೊಟ್ಟೆಕಿಚ್ಚು ಆಗ್ತಿತ್ತು.

ಎಲ್ಲಕ್ಕಿಂತ ಚೆಂದ ಅಂದರೆ ಪರದೆಗಳು. ಹತ್ತಿ ಸೀರೆಗಳು. ಮಾಸಿದ ಗುಲಾಬಿ, ಬೂದಿ ನೀಲಿ, ತಿಳಿ ನೇರಳೆ. ಕಿಟಕಿಗೊಂದೊಂದು, ಅಂಚು ಕೆಳಗೆ ಬರೋ ಹಾಗೆ ಹೊಲಿದು, ಮೇಲೆ ಸ್ಟೀಲ್ ಉಂಗುರ ಹಾಕಿ ಸರಳಿಗೆ ಕಟ್ಟಿದ್ದಳು.

ಅವಳ ತೊಂದರೆ ಶುರುವಾಗಿದ್ದು ಆ ಪರದೆಗಳಿಂದಲೇ. ಪರದೆ ಹಾಕಿದ ಮೊದಲ ವಾರವೇ ಒಂದು ಬೆಳಿಗ್ಗೆ ಎದ್ದು ಬಂದರೆ, ಅಡಿಗೆಮನೆ ಕಿಟಕಿ ಪರದೆ ಒಂದು ಮೂಲೆಗೆ ಸರಿದಿತ್ತು. ಸುಮ್ಮನೆ ಸರಿದಿರಲಿಲ್ಲ. ನೆರಿಗೆ ಹಿಡಿದಿತ್ತು. ನಾವು ಸೀರೆ ಉಡುವಾಗ ಬೆರಳಲ್ಲಿ ಒಂದರ ಮೇಲೊಂದು ನೆರಿಗೆ ಹಿಡಿದು ಸೊಂಟಕ್ಕೆ ಸಿಕ್ಕಿಸ್ತೀವಲ್ಲ, ಥೇಟ್ ಹಾಗೆ. ಕೆಳಗಿನ ಅಂಚು ಒದ್ದೆ. ಪಾಚಿ ವಾಸನೆ. ಭೈರೇಶ್ ನೋಡಿ, ತೆಗೆದುಹಾಕು ಅಂದನಂತೆ. ಇವಳು ತೆಗೆದು ಒಗೆದು ಒಣಗಿಸಿ ಮಡಿಸಿಟ್ಟಳು. ಮಾರನೇ ಬೆಳಿಗ್ಗೆ ಅದು ಮತ್ತೆ ಸರಳ ಮೇಲೆ... ನೆರಿಗೆ ಹಿಡಿದು ನಿಂತಿತ್ತು. ಆಮೇಲೆ ಊಟದ ಕಡೆ ಕಿಟಕಿ. ಆಮೇಲೆ ನಡುಮನೆದು. ದಿನ ಬಿಟ್ಟು ದಿನ, ಆ ನೆರಿಗೆ ಒಂದೊಂದೇ ಕಿಟಕಿ ದಾಟಿ ಮನೆ ಒಳಕ್ಕೆ ಬರ್ತಾ ಇತ್ತು. ಇನ್ನು ಉಳಿದಿದ್ದು ಮಲಗೋ ರೂಮಿನ ಕಿಟಕಿ ಒಂದೇ.

"ಅವ್ಳು ನನ್ನ ಮಗೀಗೆ ಬತ್ತಾವ್ಳೆ ಅಕ್ಕ," ಅಂದಳು.

ಅವಳು ಅಂದರೆ ಅನಿತಾ. ಭೈರೇಶನ ಮೊದಲನೇ ಹೆಂಡತಿ. ಎರಡನೇ ಸಂಬಂಧ ಅಂತ ಗೊತ್ತಿದ್ದೇ ಮಾಲಿನೀನ ಕೊಟ್ಟಿದ್ದು. ಮೊದಲನೆಯವಳು ನೀರು ಸೇದುವಾಗ ಕಾಲು ಜಾರಿ ಬಾವಿಗೆ ಬಿದ್ದಳು, ಮಕ್ಕಳಿಲ್ಲ ಅಂತ ಹೇಳಿದ್ದರು. ಅದೇ ಆ ಬಾವಿ. ಸವತಿ ಹೊಟ್ಟೇಲಿ ಮಗು ಅಂದರೆ ಸತ್ತವಳಿಗೆ ಸಂಕಟ ಆಗದೆ ಇರುತ್ತಾ ಅಂತ ನನಗೂ ಅನ್ನಿಸಿತು. ನನ್ನ ಹೆದರಿಕೆ ಪೂರ್ತಿ ಆ ಮಗು ಮೇಲೇ ಇತ್ತು. ಆ ಸೀರೆಗಳು ಎಲ್ಲಿಂದ ಬಂದವೇ ಅಂತ ಕೇಳಿದೆ. ಅತ್ತೆ ಟ್ರಂಕಿನಿಂದ ಅಂದಳು.

ಅತ್ತೆ ತಿಮ್ಮಕ್ಕ ಆಗ ಮಗಳ ಬಾಣಂತನಕ್ಕೆ ಅಂತ ತರೀಕೆರೆಗೆ ಹೋಗಿದ್ದಳು. ಅಟ್ಟದ ಮೇಲಿನ ಟ್ರಂಕನ್ನ ಟೀಪಾಯಿ ಮಾಡೋಣ ಅಂತ ಮಾಲಿನಿ ಇಳಿಸಿದಳಂತೆ. ಒಳಗೆ ಈ ಸೀರೆಗಳು. ಒಂದನ್ನೂ ಉಟ್ಟಿರಲಿಲ್ಲ. ಆದರೆ ಪ್ರತಿ ಸೀರೇನೂ ಮಡಿಕೆ ಹಾಕಿ, ಮೂರು ಕಡೆ ಅಂಚಿಗೆ ಬಿಳಿ ದಾರದಲ್ಲಿ ಸಣ್ಣಗೆ ಹೊಲಿದುಬಿಟ್ಟಿದ್ದರು, ಬಿಚ್ಚೋಕೇ ಆಗದ ಹಾಗೆ. ಹುಳ ಹೋಗದಿರಲಿ ಅಂತ ಹೊಲಿದಿರಬೇಕು ಅಂದುಕೊಂಡು ಇವಳು ಬ್ಲೇಡಿನಲ್ಲಿ ಒಂದೊಂದೇ ಹೊಲಿಗೆ ಬಿಚ್ಚಿದ್ದಳು.

ಮಾರನೇ ದಿನ ಮಧ್ಯಾಹ್ನ ಎದುರು ಮನೆ ಉಚ್ಚಂಗಮ್ಮ ಬಂದಳು. ಮುದುಕಿ, ಕಾಲು ನೋವು, ಆ ಕಡೆ ಬರೋದೇ ಅಪರೂಪ. ಬಾಗಿಲಲ್ಲೇ ನಿಂತು ಪರದೆಗಳನ್ನ ನೋಡಿದಳು. ಒಳಗೆ ಬರಲಿಲ್ಲ. ನಾನೇ ಹೊರಗೆ ಹೋದೆ. ಅವಳು ಹೇಳಿದ್ದಿಷ್ಟು. ಅನಿತಾಳನ್ನ ಬಾವಿಯಿಂದ ಎತ್ತಿದಾಗ ಮೈಮೇಲೆ ಲಂಗ, ರವಿಕೆ ಬಿಟ್ಟರೆ ಏನೂ ಇರಲಿಲ್ಲ. ಸೀರೆ ಬಾವಿಕಟ್ಟೆ ಮೇಲೆ ಬಿದ್ದಿತ್ತು. ನೀರು ಸೇದೋಕೆ ಹೋದವಳು ಸೀರೆ ಬಿಚ್ಚಿಟ್ಟು ಹೋಗ್ತಾಳಾ? ಊರೆಲ್ಲ ಕೇಳಿಕೊಂಡಿತು, ತಿಮ್ಮಕ್ಕನ ಮುಂದೆ ಯಾರೂ ಕೇಳಲಿಲ್ಲ. ಸ್ನಾನಕ್ಕೆ ಹೋಗಿದ್ದಳು ಅಂತ ಪೊಲೀಸರ ಹತ್ತಿರ ಬರೆಸಿದರು, ಮುಗೀತು. ಅದಕ್ಕೆ ಒಂದು ತಿಂಗಳು ಮುಂಚೆ ಅನಿತಾ ಉಚ್ಚಂಗಮ್ಮನ ಹತ್ತಿರ ಅತ್ತಿದ್ದಳಂತೆ. ಗಂಡನ ಇನ್ನೊಂದು ಮದುವೆಗೆ ಒಪ್ಪಿ ತವರಿಗೆ ಹೋಗು ಅಂತಾವ್ರೆ, ನಾನು ಸತ್ತರೂ ಈ ಮನೆ ಬಿಟ್ಟು ಹೋಗಲ್ಲ ಅಂತ.

ಟ್ರಂಕಿನ ಸೀರೆಗಳು ಯಾಕೆ ಹಾಗಿದ್ದವು ಅಂತ ಕೇಳಿದೆ. ಪಕ್ಷದ ಹಬ್ಬದಲ್ಲಿ ಹಿರಿಯರಿಗೆ ಬಟ್ಟೆ ಇಟ್ಟು ಎಡೆ ಹಾಕ್ತೀವಲ್ಲ, ಹಾಗೆ ತಿಮ್ಮಕ್ಕ ವರ್ಷ ವರ್ಷ ಅನಿತಾಗೆ ಅಂತ ಒಂದು ಸೀರೆ ಇಡ್ತಿದ್ದಳು. ಎಲ್ಲರ ಮನೇಲೂ ಆ ಸೀರೇನ ಅವತ್ತೇ ರಾತ್ರಿ ಸೊಸೆಯೋ, ಬೇರೆ ಯಾವ ಮುತ್ತೈದೆಯೋ ಬಿಚ್ಚಿ ಉಡ್ತಾರೆ. ಆಗಲೇ ಅದು ಸತ್ತವಳಿಗೆ ಸೇರೋದು. ತಿಮ್ಮಕ್ಕ ಯಾರಿಗೂ ಉಡಿಸಲಿಲ್ಲ.

"ಬಿಚ್ಚಿದ್ರೆ ಅವ್ಳು ಉಟ್ಕಂತಾಳಲ್ಲವ್ವ," ಅಂದಳು ಉಚ್ಚಂಗಮ್ಮ. "ಬರೀ ಮೈಯಲ್ಲಿ ಯಾವ ಹೆಂಗಸು ಒಳಿಕ್ಕೆ ಬಂದಾಳು? ಅದುಕ್ಕೇ ಹೊಲ್ದು ಮಡಗಿದ್ಲು."

ಕೊಟ್ಟ ಹಾಗೂ ಇರಬೇಕು, ಉಡೋಕೆ ಆಗದ ಹಾಗೂ ಇರಬೇಕು. ದೆವ್ವಕ್ಕೆ ಹೆದರಿದ್ದೆ, ನಿಜ. ಆ ಕ್ಷಣಕ್ಕೆ ತಿಮ್ಮಕ್ಕನ ಬುದ್ಧಿಗೆ ಇನ್ನೂ ಜಾಸ್ತಿ ಹೆದರಿದೆ ಕಣೇ.

ಸಂಜೆ ಬಸ್ಸಿಗೆ ತಿಮ್ಮಕ್ಕ ಬಂದಳು. ಮಗನೇ ಫೋನ್ ಮಾಡಿ ಕರೆಸಿದ್ದ. ಬಾಗಿಲು ದಾಟಿ ಕಿಟಕಿ ನೋಡಿದವಳು ಕೈಲಿದ್ದ ಚೀಲ ಕೆಳಗೆ ಬಿಟ್ಟಳು. ಸೊಸೇನ ಬೈಯಲಿಲ್ಲ. ಪರದೆಗಳನ್ನ ಎಳೆದು ಎಳೆದು ಕೆಳಗೆ ಹಾಕಿ, ಉಂಗುರ ಕಿತ್ತು, ಮಡಿಸಿ, ಸೂಜಿ ದಾರ ಹಿಡಿದು ಕೂತಳು. ಹೊಲಿತಾಳೆ, ದಾರ ಪಟ್ ಅಂತ ಹರಿಯುತ್ತೆ. ಮತ್ತೆ ಪೋಣಿಸ್ತಾಳೆ, ಪಟ್. ಹೊಸ ಉಂಡೆ ದಾರ. ಮುಟ್ಟಿ ನೋಡಿದೆ, ನೀರಲ್ಲಿ ನೆನೆಹಾಕಿದ ಹಾಗೆ ಮೆತ್ತಗಿತ್ತು. ಕೊನೆಗೆ ಅವಳು ಸೀರೆಗಳನ್ನ ಲೆಕ್ಕ ಹಾಕಿದಳು. ಒಂದು ಕಡಿಮೆ. ತಿಳಿ ನೇರಳೆದು, ನಡುಮನೆ ಕಿಟಕಿದು. ನಾವೆಲ್ಲ ಮನೆ ಪೂರ್ತಿ ಹುಡುಕಿದೆವು. ಸಿಗಲಿಲ್ಲ.

ಆ ರಾತ್ರಿ ನಾನು ಮಾಲಿನೀನ ನನ್ನ ಜೊತೆ ನಡುಮನೇಲಿ ಮಲಗಿಸಿಕೊಳ್ತೀನಿ ಅಂದೆ. ಭೈರೇಶ್ ಒಪ್ಪಲಿಲ್ಲ. ಬಸುರಿ, ನೆಲದ ಮೇಲೆ ಬೇಡ ಅಂದ. ನನಗೂ ಸರಿ ಅನ್ನಿಸಿತು. ಆಮೇಲೆ ನೀರು ಕೊಡೋಕೆ ಅಂತ ರೂಮಿಗೆ ಹೋದೆ, ಆಗ ಕಂಡಿತು. ಮಂಚಾನ ಗೋಡೆಗೆ ಒತ್ತಿ ಎಳೆದುಕೊಂಡಿದ್ದ. ತಾನು ಗೋಡೆ ಪಕ್ಕ. ಅವಳನ್ನ ಕಿಟಕಿ ಪಕ್ಕ. ಐದು ತಿಂಗಳ ಬಸುರಿ ಹೆಂಡತೀನ ಅಡ್ಡ ಇಟ್ಟುಕೊಂಡು ಮಲಗಿದ್ದ ಕಣೇ ಆ ಗಂಡಸು. ಮಾಲಿನಿ ನನ್ನನ್ನೇ ನೋಡ್ತಿದ್ದಳು. ಎಳೆದುಕೊಂಡು ಹೋಗೋಣ ಅಂತ ಕೈ ನೀಡಿದೆ. ಅವನು, ಕದ ಹಾಕ್ಕಂಡು ಹೋಗಿ ಅಕ್ಕ ಅಂದ.

ನಡುಮನೇಲಿ ನಾನು, ತಿಮ್ಮಕ್ಕ. ಅವಳ ತಲೆದೆಸೇಲಿ ಮಡಿಸಿದ ಸೀರೆಗಳು. ಇಬ್ಬರಿಗೂ ನಿದ್ದೆ ಇಲ್ಲ. ಲಾಂದ್ರದ ಬಲ್ಬು ಹಾಗೇ ಉರಿತಿತ್ತು. ಎಷ್ಟೊತ್ತಾಯ್ತೋ ಗೊತ್ತಿಲ್ಲ...

ದೂರದಲ್ಲಿ ಕಿರ್ರ್... ಕಿರ್ರ್...

ನಿಂತಿತು.

ಹಿತ್ತಿಲ ಕಡೆಯಿಂದ ಹೆಜ್ಜೆ. ಒದ್ದೆ ಸೀರೆ ಕಾಲಿಗೆ ಬಡಿಯೋ ಸದ್ದು ಗೊತ್ತಲ್ಲ, ಪಟಕ್... ಪಟಕ್... ಅದು. ಅಡಿಗೆಮನೆ ದಾಟಿತು. ಊಟದ ಜಾಗ ದಾಟಿತು. ನಡುಮನೆಗೆ ಬಂತು. ನಾನು ಕಣ್ಣು ಮುಚ್ಚಿಬಿಟ್ಟೆ. ನನ್ನ ಕಾಲ ಹತ್ತಿರ ತಣ್ಣಗೆ ಏನೋ ಸವರಿಕೊಂಡು ಹೋಯ್ತು. ತಿಮ್ಮಕ್ಕನ ಹಲ್ಲು ಕಟಕಟ ಅಂತಿತ್ತು. ಹೆಜ್ಜೆ ಅವಳ ತಲೆ ಹತ್ತಿರ ನಿಂತಿತು. ತುಂಬ ಹೊತ್ತು ನಿಂತಿತು. ಆಮೇಲೆ ಮುಂದೆ ಹೋಯ್ತು... ರೂಮಿನ ಕಡೆ. ಕದ ತೆಗೆದ ಸದ್ದು ಬರಲಿಲ್ಲ. ಒಳಗೆ ಪರದೆ ಉಂಗುರ ಸರಳ ಮೇಲೆ ಜಾರಿದವು. ಸರ್ರ್... ಆ ರೂಮಿನ ಪರದೇನ ಸಂಜೇನೇ ಕಿತ್ತಾಗಿತ್ತು. ಸರಳ ಮೇಲೆ ಉಂಗುರವೇ ಇರಲಿಲ್ಲ.

ಎದ್ದು ಹೋಗಬೇಕು ಅಂತ ಜೀವ ಕಿತ್ತುಕೊಳ್ತಿದೆ. ಕಾಲು ಬರ್ತಾ ಇಲ್ಲ. ಮಾಲಿನಿ, ಮಾಲಿನಿ ಅಂತ ಕೂಗ್ತಿದೀನಿ, ಬಾಯಿಂದ ಬರೀ ಗಾಳಿ. ಆಗ ರೂಮಿನೊಳಗಿಂದ ಆ ಸದ್ದು ಬಂತು. ಬಾವಿಗೆ ಕೊಡ ಬಿಟ್ಟಾಗ ಅದು ಓರೆಯಾಗಿ ನೀರು ಕುಡಿಯುತ್ತಲ್ಲ... ಬುಳುಕ್... ಬುಳುಕ್... ಬುಳುಕ್... ಕೊಡ ತುಂಬಿದ ಮೇಲೆ ನಿಲ್ಲುತ್ತಲ್ಲ, ಹಾಗೆ ನಿಂತಿತು.

ಒಳಗೆ ನಡೆದಿದ್ದನ್ನ ಮಾಲಿನಿ ಒಂದೇ ಸಲ ಹೇಳಿದ್ದು, ನನಗೊಬ್ಬಳಿಗೆ. ಅವಳು ಎಚ್ಚರವಾಗೇ ಇದ್ದಳು. ಹೊಟ್ಟೆ ಮೇಲೆ ಎರಡೂ ಕೈ ಇಟ್ಟುಕೊಂಡು, ಬಂದರೆ ಕಿಟಕಿ ಕಡೆಯಿಂದ ಬರ್ತಾಳೆ ಅಂತ ಅದನ್ನೇ ನೋಡ್ತಿದ್ದಳು. ಆ ಕಡೆಯಿಂದ ಬರಲಿಲ್ಲ. ದನಿ ಬಂದಿದ್ದು ಬೆನ್ನ ಹಿಂದೆ, ಭೈರೇಶನ ಆಚೆಯಿಂದ. ಮಂಚಕ್ಕೂ ಗೋಡೆಗೂ ನಡುವೆ ಕೈ ತೂರೋಕೂ ಜಾಗ ಇರಲಿಲ್ಲ. ಅಲ್ಲಿಂದ, ತಂಗೀಗೆ ಹೇಳೋ ಹಾಗೆ ಮೆತ್ತಗೆ:

"ನೀನು ಆ ಕಡೇನೇ ತಿರುಗಿ ಮಲ್ಕೋ ಕಣೇ. ನೋಡ್ಬ್ಯಾಡ."

ಮಾಲಿನಿ ನೋಡಲಿಲ್ಲ. ಅವನು ಅವಳ ತೋಳು ಹಿಡಿದುಕೊಂಡನಂತೆ. ಉಗುರು ಗುರುತು ನಾನೂ ನೋಡಿದೀನಿ. ಆಮೇಲೆ ಒಂದೊಂದೇ ಬೆರಳು ಬಿಡಿಸಿದ ಹಾಗೆ ಹಿಡಿತ ಬಿಟ್ಟಿತಂತೆ.

ಬೆಳಕು ಹರಿದ ಮೇಲೆ ಕದ ತೆಗೆದಿದ್ದು ಮಾಲಿನೀನೇ. ಭೈರೇಶ್ ಅಂಗಾತ ಮಲಗಿದ್ದ. ಕಣ್ಣು ಬಿಟ್ಟೇ ಇತ್ತು. ಹಾಸಿಗೆ ಒಣಗಿತ್ತು, ಗೋಡೆ ಒಣಗಿತ್ತು. ಬಾಯಿಂದ ನೀರು ಸುರೀತಾ ಇತ್ತು. ಹಸಿರು ನೀರು. ಕೊರಳಿಂದ ಕಾಲಿನ ತನಕ ಆ ತಿಳಿ ನೇರಳೆ ಸೀರೆ ಹೊದಿಸಿತ್ತು. ಮೈ ಕೊಯ್ದ ಡಾಕ್ಟರು, ಎಲ್ಲಿ ಮುಳುಗಿದ್ದ ಅಂತ ನಮ್ಮನ್ನೇ ಕೇಳಿದರು. ಮಂಚದ ಮೇಲೆ ಅಂದರೆ ಯಾರು ನಂಬ್ತಾರೆ? ಪೊಲೀಸರು ಬಂದು ಬಾವಿ ಚಪ್ಪಡೀನ ನೋಡಿದರು. ಅಂಚಿಗೆ ಮೆತ್ತಿದ್ದ ಸಿಮೆಂಟು ಬಿರುಕು ಸಹ ಬಿಟ್ಟಿರಲಿಲ್ಲ.

ಆದರೆ ಅದಕ್ಕೂ ಮುಂಚೆ ತಿಮ್ಮಕ್ಕ ರೂಮಿನ ಬಾಗಿಲಿಗೆ ಬಂದಳು. ಮಗನ್ನ ನೋಡಿ ಅಳಲಿಲ್ಲ. ಮಗನ ಹೆಸರು ಹೇಳಲಿಲ್ಲ. ಆ ಸೀರೇನ ನೋಡಿಕೊಂಡು, ಎರಡೂ ಕೈ ಜೋಡಿಸಿ, ಬೀದಿ ಜನ ಬಂದು ನಿಂತಿದ್ದರು, ಎಲ್ಲರ ಮುಂದೆ ಹೇಳಿದಳು.

"ನಾನು ಬರೀ ಸೆರಗು ಹಿಡ್ಕಂಡಿದ್ದು ಅನಿತಾ. ತಳ್ಳಿದ್ದು ಅವ್ನು ಕಣೇ."

ಉಚ್ಚಂಗಮ್ಮ ಒಬ್ಬಳು, ಆಯ್ತು ಬಿಡವ್ವ ಅಂದಳು. ಅದನ್ನ ತಿಮ್ಮಕ್ಕನಿಗೆ ಹೇಳಿದಳೋ ಇನ್ಯಾರಿಗೆ ಹೇಳಿದಳೋ. ತಿಮ್ಮಕ್ಕ ಅದೇ ಮಾತನ್ನ ಪೊಲೀಸರ ಮುಂದೂ ಹೇಳಿದಳು, ಮಣ್ಣಿಗೆ ಬಂದವರ ಮುಂದೂ ಹೇಳಿದಳು. ಈಗ ತರೀಕೆರೇಲಿ ಮಗಳ ಮನೇಲಿದಾಳೆ. ಊಟಕ್ಕೆ ಕರೆದರೂ ಅದೇ ಮಾತು, ನೀರು ಕೊಟ್ಟರೂ ಅದೇ ಮಾತು. ಅಯ್ಯೋ ಪಾಪ ಅನ್ನಬೇಕು. ನನ್ನ ಬಾಯಲ್ಲಿ ಬರಲ್ಲ.

ಇದೆಲ್ಲ ಬಿಡು. ಭೈರೇಶನಿಗೆ ಮೂರ್ಛೆ ಬಂದಿರಬೇಕು, ತಿಮ್ಮಕ್ಕನಿಗೆ ತಲೆ ಕೆಟ್ಟಿರಬೇಕು ಅಂತ ನಿಮ್ಮ ಮಾವ ಇವತ್ತಿಗೂ ವಾದ ಮಾಡ್ತಾರೆ. ಮಾಡಲಿ. ನಾನು ತಿಥಿ ದಿನದ್ದು ಹೇಳ್ತೀನಿ, ಅದಕ್ಕೆ ಅವರ ಹತ್ತಿರ ಉತ್ತರ ಇಲ್ಲ.

ತಿಥಿ ದಿನ ಮಾಲಿನಿ ಬಳೆ ಒಡೀಬೇಕು ಅಂತ ಹೆಂಗಸರು ಕೂರಿಸಿದರು. ನಾನು ಬೇಡ ಬೇಡ ಅಂತ ಜಗಳ ಆಡಿದೆ, ಈ ಕಾಲದಲ್ಲೂ ಅದೇನು ಅಂತ. ಕೇಳಲಿಲ್ಲ. ಅವಳ ಕೈ ಹಿಡ್ಕೋ ಅಂತ ನನಗೇ ಹೇಳಿದರು. ಹಿಡಿದುಕೊಂಡೆ. ಸಾದಾ ಹಸಿರು ಗಾಜಿನ ಬಳೆ, ಅಜ್ಜಂಪುರ ಸಂತೇಲಿ ತೊಡಿಸಿಕೊಂಡಿದ್ದು. ಅವರಲ್ಲಿ ಹಿರಿಯವಳು ಒಬ್ಬಳು ಕೈಯನ್ನ ಕಲ್ಲಿನ ಮೇಲಿಟ್ಟು, ಇನ್ನೊಂದು ಕಲ್ಲಲ್ಲಿ ಕುಟ್ಟಿದಳು. ಠಣ್ ಅಂತು. ಒಡೀಲಿಲ್ಲ. ಜೋರಾಗಿ ಕುಟ್ಟಿದಳು. ಠಣ್. ಬೇರೆಯವಳು ಕಲ್ಲು ಇಸ್ಕೊಂಡಳು. ಕಲ್ಲಿನ ಮೂಲೆ ಚೂರಾಗಿ ನನ್ನ ಮಡಿಲಿಗೆ ಬಿತ್ತು. ಬಳೆಗೆ ಒಂದು ಗೀರು ಬೀಳಲಿಲ್ಲ. ಆ ಹೆಂಗಸರು ಒಬ್ಬೊಬ್ಬರೇ ಎದ್ದು, ಸೆರಗು ಹೊದ್ದುಕೊಂಡು, ಅನಿತಾ ಒಡೆಯೋಕೆ ಬಿಡಲ್ಲ ಅಂತ ಪಿಸುಗುಟ್ಟಿಕೊಂಡು ಮನೆಗೆ ಹೋದರು.

ಮಾಲಿನಿಗೆ ಹೆಣ್ಣು ಮಗು ಆಯ್ತು. ಈಗ ಕಡೂರಲ್ಲೇ ಬಾಡಿಗೆ ಮನೇಲಿದಾಳೆ, ಅವರಿವರ ಮನೆಗೆ ಬಣ್ಣ ಆರಿಸಿಕೊಡ್ತಾಳೆ. ಪಾತ್ರೆ ತಿಕ್ತಾಳೆ, ಬಟ್ಟೆ ಒಗೀತಾಳೆ, ಮಗು ಆ ಬಳೆ ಹಿಡಿದು ಜಗ್ಗುತ್ತೆ. ನಾನು ಆಮೇಲೆ ಎಷ್ಟು ಡಜನ್ ಬಳೆ ಒಡೆದುಕೊಂಡಿದೀನೋ ಲೆಕ್ಕ ಇಲ್ಲ. ಅವಳ ಕೈಲಿ ಇನ್ನೂ ಅವೇ ಇವೆ, ಎಲ್ಲವೂ ಇವೆ. ನಾಳೆ ಬೆಳಿಗ್ಗೆ ಕರ್ಕೊಂಡು ಹೋಗ್ತೀನಿ, ನೀನೇ ಮುಟ್ಟಿ ನೋಡು.